ಕಾಗದದಿಂದ ಪರದೆಗೆ: ಟರ್ಮಿನಲ್‌ನಲ್ಲಿ ಕರ್ಸರ್ ನಿಯಂತ್ರಣ ಮತ್ತು ಪಠ್ಯದ ಮರುಲೇಖನದ ಚರಿತ್ರೆ

ಬರವಣಿಗೆಯ ಚರಿತ್ರೆಯಲ್ಲಿ ಬರೆಯುವ ಕ್ರಿಯೆಗೆ ದೊರೆತಷ್ಟು ಗಮನ ಅಳಿಸುವ ಕ್ರಿಯೆಗೆ ದೊರೆತಿಲ್ಲ. ಕಲ್ಲಿನ ಮೇಲೆ ಕಂಡರಿಸಿದ ಅಕ್ಷರವನ್ನಾಗಲಿ, ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನಾಗಲಿ ಗುರುತು ಉಳಿಯದಂತೆ ಅಳಿಸುವುದು ಸುಲಭವಲ್ಲ. ಲಿಪಿಕಾರನು ತಪ್ಪನ್ನು ಹೊಡೆದುಹಾಕಿ ಮುಂದೆ ಬರೆಯುತ್ತಾನೆ. ಇದಕ್ಕೆ ಪ್ರತಿಯಾಗಿ, ಕರ್ನಾಟಕದಲ್ಲಿ ಲೆಕ್ಕಪತ್ರಗಳಿಗಾಗಿ ಬಳಕೆಯಲ್ಲಿದ್ದ ಕಡತವು, ಅಂದರೆ ಕಪ್ಪು ಲೇಪನ ಕೊಟ್ಟು ಮಡಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುವ ಪುಸ್ತಕವು, ಒರೆಸಿ ಮತ್ತೆ ಬರೆಯಲು ಅವಕಾಶ ನೀಡುತ್ತಿತ್ತು. ಗಣಕದ ‘ಫೈಲ್’ ಎಂಬ ಪದಕ್ಕೆ ಇದೇ ಕಡತವೆಂಬ ಶಬ್ದ ಕನ್ನಡದಲ್ಲಿ ನೆಲೆಗೊಂಡಿದೆ. ಅಳಿಸಲಾಗದ ಬರಹ ಮತ್ತು ಅಳಿಸಬಹುದಾದ ಬರಹ ಎಂಬ ಈ ಎರಡು ಬಗೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರದ ಟರ್ಮಿನಲ್‌ನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದವು.

ಕೀಲಿಮಣೆಯಿಂದ ಆದೇಶಗಳನ್ನು ಸಾಲಾಗಿ ಬರೆದು, ಅವುಗಳ ಉತ್ತರವನ್ನು ಅಕ್ಷರರೂಪದಲ್ಲಿ ಪಡೆಯುವ ಸಾಧನವನ್ನು ಟರ್ಮಿನಲ್ ಎನ್ನಲಾಗುತ್ತದೆ. ಮುಂದಿನ ಅಕ್ಷರ ಎಲ್ಲಿ ಮೂಡುವುದೆಂಬುದನ್ನು ತೋರಿಸುವ ಗುರುತೇ ಕರ್ಸರ್. ಓಡುವವನು ಎಂಬ ಅರ್ಥದ ಈ ಲ್ಯಾಟಿನ್ ಪದವು ಗಣಕಕ್ಕಿಂತ ಮೊದಲು ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿಯ ಮೇಲೆ ಜಾರುವ ಪಾರದರ್ಶಕ ತುಂಡಿಗೆ ಬಳಕೆಯಲ್ಲಿತ್ತು. ಕರ್ಸರನ್ನು ಹಿಂದಕ್ಕೆ ಕೊಂಡೊಯ್ದು, ಮುದ್ರಿತವಾದ ಪಠ್ಯದ ಮೇಲೆ ಹೊಸ ಪಠ್ಯವನ್ನು ಬರೆಯುವ ವಿಧಾನ ಹೇಗೆ ರೂಪುಗೊಂಡಿತು, ಅದರಿಂದ ಬರಹಕ್ಕೆ ದೊರೆತದ್ದೇನು, ಬರಹ ಕಳೆದುಕೊಂಡದ್ದೇನು ಎಂಬುದರ ವಿವೇಚನೆ ಪ್ರಸ್ತುತ ಪ್ರಬಂಧದ ಉದ್ದೇಶ. ಕನ್ನಡದಂತಹ ಸಂಯುಕ್ತಾಕ್ಷರಗಳ ಲಿಪಿಗೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿರುವುದರಿಂದ ಅದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಚರ್ಚಿಸಲಾಗಿದೆ.

ಕಾಗದದ ಯಂತ್ರಗಳ ಕಾಲ

ಟರ್ಮಿನಲ್‌ನ ಮೂಲ ಗಣಕಯಂತ್ರದಲ್ಲಿಲ್ಲ, ತಂತಿ ವ್ಯವಸ್ಥೆಯಲ್ಲಿದೆ. ಫ್ರಾನ್ಸಿನ ಎಮಿಲ್ ಬೋದೋ 1874ರಲ್ಲಿ ಸ್ವಾಮ್ಯ ಪಡೆದ ತಂತಿ ವ್ಯವಸ್ಥೆಯು ಐದು ಅಂಶಗಳ ಸಂಕೇತವನ್ನು ಆಧರಿಸಿತ್ತು. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೆ 1901ರ ಸುಮಾರಿಗೆ ಇದನ್ನು ಬೆರಳಚ್ಚು ಯಂತ್ರದ ಮಾದರಿಯ ಕೀಲಿಮಣೆಗೆ ಹೊಂದಿಸಿದಾಗ, ಅಕ್ಷರಗಳಲ್ಲದ ಎರಡು ಸಂಕೇತಗಳಿಗೂ ಸ್ಥಾನ ಕಲ್ಪಿಸಿದನು. ಮುದ್ರಿಸುವ ಗಾಡಿಯನ್ನು ಸಾಲಿನ ಆರಂಭಕ್ಕೆ ಮರಳಿಸುವ ಕ್ಯಾರಿಯೇಜ್ ರಿಟರ್ನ್ ಒಂದು. ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವ ಲೈನ್ ಫೀಡ್ ಇನ್ನೊಂದು. ಓದುವ ಅಕ್ಷರಗಳೂ ಯಂತ್ರವನ್ನು ನಡೆಸುವ ಆಜ್ಞೆಗಳೂ ಒಂದೇ ಪ್ರವಾಹದಲ್ಲಿ, ಒಂದೇ ಬಗೆಯ ಸಂಕೇತಗಳಾಗಿ ಹರಿಯುವ ಕ್ರಮ ಹೀಗೆ ನೆಲೆಗೊಂಡಿತು. ಮುಂದಿನ ಒಂದು ಶತಮಾನದ ಕರ್ಸರ್ ನಿಯಂತ್ರಣವೆಲ್ಲ ಈ ಕ್ರಮದ ವಿಸ್ತರಣೆಯೇ ಆಗಿದೆ.

ಅಮೆರಿಕದ ಶಿಷ್ಟ ಸಂಕೇತಾವಳಿಯಾದ ಆಸ್ಕಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ಪರಿಷ್ಕೃತವಾಯಿತು. ಅದರ 128 ಸ್ಥಾನಗಳಲ್ಲಿ 33 ಸ್ಥಾನಗಳು ನಿಯಂತ್ರಣ ಸಂಕೇತಗಳಿಗೆ ಮೀಸಲು. 8ನೆಯದು ಒಂದು ಸ್ಥಾನ ಹಿಂದೆ ಸರಿಸುವ ಬ್ಯಾಕ್‌ಸ್ಪೇಸ್, 10ನೆಯದು ಲೈನ್ ಫೀಡ್, 13ನೆಯದು ಕ್ಯಾರಿಯೇಜ್ ರಿಟರ್ನ್, 27ನೆಯದು ಎಸ್ಕೇಪ್, 127ನೆಯದು ಡಿಲೀಟ್. ಡಿಲೀಟ್ ಮಾತ್ರ ಉಳಿದ ನಿಯಂತ್ರಣ ಸಂಕೇತಗಳಿಂದ ದೂರವಾಗಿ ಕೊನೆಯಲ್ಲಿ ನಿಂತಿರುವುದಕ್ಕೆ ಕಾಗದವೇ ಕಾರಣ. ಆ ಕಾಲದಲ್ಲಿ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆಯಲಾಗುತ್ತಿತ್ತು. ಕೊರೆದ ರಂಧ್ರವನ್ನು ಮುಚ್ಚಲಾಗದು. ಆದರೆ ಉಳಿದ ಜಾಗಗಳಲ್ಲಿಯೂ ರಂಧ್ರ ಕೊರೆಯಬಹುದು. ಏಳು ಜಾಗಗಳನ್ನೂ ಕೊರೆದಾಗ ದೊರೆಯುವ ಸಂಖ್ಯೆ 127. ಓದುವ ಯಂತ್ರ ಅದನ್ನು ಕಂಡರೆ ಬಿಟ್ಟು ಮುಂದೆ ಹೋಗಬೇಕು ಎಂಬುದು ಒಪ್ಪಂದ. ತಾಳೆಗರಿಯ ಲಿಪಿಕಾರ ಅಕ್ಷರವನ್ನು ಹೊಡೆದುಹಾಕುವ ಕ್ರಮಕ್ಕೂ ಇದಕ್ಕೂ ತಾತ್ವಿಕವಾಗಿ ಭೇದವಿಲ್ಲ.

1963ರಲ್ಲಿ ಬಂದ ಟೆಲಿಟೈಪ್ ಕಂಪನಿಯ 33ನೆಯ ಮಾದರಿಯ ದೂರಮುದ್ರಕವು ಗಣಕಗಳ ಟರ್ಮಿನಲ್ ಆಗಿ ವ್ಯಾಪಕವಾಗಿ ಬಳಕೆಯಾಯಿತು. ಅದರ ವೇಗ ಸೆಕೆಂಡಿಗೆ 10 ಅಕ್ಷರ. ಗಾಡಿಯು ಸಾಲಿನ ಬಲತುದಿಯಿಂದ ಎಡತುದಿಗೆ ಮರಳಲು ಒಂದು ಅಕ್ಷರದ ಅವಧಿ ಸಾಲುತ್ತಿರಲಿಲ್ಲ. ಮೊದಲು ಕ್ಯಾರಿಯೇಜ್ ರಿಟರ್ನ್, ಅನಂತರ ಲೈನ್ ಫೀಡ್ ಕಳುಹಿಸಿದರೆ ಎರಡನೆಯ ಸಂಕೇತದ ಅವಧಿಯಲ್ಲಿ ಗಾಡಿ ತನ್ನ ಸ್ಥಾನ ತಲುಪುತ್ತಿತ್ತು. ಮುಂದೆ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ಸಾಲಿನ ಅಂತ್ಯಕ್ಕೆ ಲೈನ್ ಫೀಡನ್ನು ಮಾತ್ರ ಉಳಿಸಿಕೊಂಡಿತು. ಎಂಎಸ್-ಡಾಸ್ ಮತ್ತು ಅದರ ವಾರಸುದಾರನಾದ ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಒಂದು ವ್ಯವಸ್ಥೆಯ ಪಠ್ಯಕಡತ ಇನ್ನೊಂದರಲ್ಲಿ ಸಾಲು ಕೆಟ್ಟು ಕಾಣುವ ತೊಡಕಿಗೆ ಈ ಭೇದವೇ ಮೂಲ.

ಕಾಗದದ ಮೇಲೆ ಬ್ಯಾಕ್‌ಸ್ಪೇಸ್ ಅಳಿಸುವ ಸಂಕೇತವಾಗಿರಲಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದು ಗಾಡಿಯನ್ನು ಹಿಂದೆ ಸರಿಸುತ್ತಿತ್ತು. ಮುಂದಿನ ಅಕ್ಷರ ಹಳೆಯದರ ಮೇಲೆ ಮುದ್ರಿತವಾಗಿ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಅಕ್ಷರದ ಕೆಳಗೆ ಗೆರೆ ಎಳೆಯುವುದು, ಅದೇ ಅಕ್ಷರವನ್ನು ಎರಡು ಬಾರಿ ಹೊಡೆದು ದಪ್ಪಗಾಗಿಸುವುದು, ಐರೋಪ್ಯ ಭಾಷೆಗಳ ಸ್ವರಗಳ ಮೇಲೆ ಉಚ್ಚಾರಣ ಚಿಹ್ನೆ ಇಡುವುದು ಇದರಿಂದ ಸಾಧ್ಯವಾಗುತ್ತಿತ್ತು. ಹಾಗಾದರೆ ತಪ್ಪನ್ನು ತಿದ್ದುವುದು ಹೇಗೆ? 1969ರಿಂದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್‌ನ ಆರಂಭಿಕ ಆವೃತ್ತಿಗಳಲ್ಲಿ ಹ್ಯಾಶ್ ಚಿಹ್ನೆ ಹಿಂದಿನ ಅಕ್ಷರವನ್ನೂ ‘ಅಟ್’ ಚಿಹ್ನೆ ಇಡೀ ಸಾಲನ್ನೂ ರದ್ದುಪಡಿಸುತ್ತಿದ್ದವು. ಗಣಕದ ಸ್ಮೃತಿಯಲ್ಲಿ ಅಕ್ಷರ ಅಳಿಯುತ್ತಿತ್ತು, ಕಾಗದದ ಮೇಲೆ ತಪ್ಪೂ ಅದರ ತಿದ್ದುಪಡಿಯೂ ಉಳಿಯುತ್ತಿದ್ದವು. ಕಾಣುವ ಬರಹ ಬೇರೆ, ದಾಖಲಾದ ಬರಹ ಬೇರೆ ಎಂಬ ಸ್ಥಿತಿ ಇಲ್ಲಿಂದಲೇ ಆರಂಭವಾಯಿತು.

ಗಾಜಿನ ಪರದೆಯ ಆಗಮನ

1960ರ ದಶಕದಲ್ಲಿ ಕ್ಯಾಥೋಡ್ ಕಿರಣ ನಳಿಕೆಯ ಪರದೆಗಳು ಕಾಗದದ ಜಾಗಕ್ಕೆ ಬರತೊಡಗಿದವು. ಕಂಪ್ಯೂಟರ್ ಟರ್ಮಿನಲ್ ಕಾರ್ಪೊರೇಷನ್ ತಯಾರಿಸಿದ ಡೇಟಾಪಾಯಿಂಟ್ 3300 ಎಂಬ ಟರ್ಮಿನಲ್ 25 ಸಾಲುಗಳನ್ನೂ ಸಾಲಿಗೆ 72 ಅಕ್ಷರಗಳನ್ನೂ ತೋರಿಸುತ್ತಿತ್ತು. ಟೆಲಿಟೈಪಿನ ಜಾಗದಲ್ಲಿ ನೇರವಾಗಿ ಇಡಬಹುದಾದ ಸಾಧನವಾಗಿ ಅದು ರೂಪುಗೊಂಡಿತ್ತು. ಇಂತಹ ಯಂತ್ರಗಳನ್ನು ‘ಗಾಜಿನ ಟೆಲಿಟೈಪ್’ ಎಂದು ಕರೆಯುವುದು ರೂಢಿಯಾಯಿತು. ಮುಂದಿನ ದಶಕದಲ್ಲಿ 24 ಸಾಲು, 80 ಕಂಬಸಾಲುಗಳ ಪರದೆ ಸಾಮಾನ್ಯವಾಯಿತು. 80 ಎಂಬ ಸಂಖ್ಯೆ ಐಬಿಎಂ ಸಂಸ್ಥೆ 1928ರಲ್ಲಿ ತಂದ ರಂಧ್ರಕಾರ್ಡಿನ ಅಳತೆ.

ಪರದೆಯ ಟರ್ಮಿನಲ್ ತನ್ನ ಸ್ಮೃತಿಯಲ್ಲಿ ಪ್ರತಿಯೊಂದು ಸ್ಥಾನಕ್ಕೂ ಒಂದು ಮನೆಯನ್ನು ಮೀಸಲಿಡುತ್ತದೆ. ಒಂದು ಮನೆಯಲ್ಲಿ ಒಂದೇ ಸಂಕೇತ ಇರಬಲ್ಲದು. ಹೊಸದು ಬಂದರೆ ಹಳೆಯದು ಹೋಗುತ್ತದೆ. ಕಾಗದದ ಮೇಲೆ ಅಕ್ಷರದೊಡನೆ ಗೆರೆಯನ್ನೂ ತೋರಿಸುತ್ತಿದ್ದ ಸಂಕೇತಗಳ ಸಾಲು ಪರದೆಯ ಮೇಲೆ ಕೇವಲ ಗೆರೆಯನ್ನು ಉಳಿಸಿತು. ಹೀಗೆ ಬ್ಯಾಕ್‌ಸ್ಪೇಸ್ ಎಂಬ ಒಂದೇ ಸಂಕೇತ ಒಂದು ಮಾಧ್ಯಮದಲ್ಲಿ ಕೂಡಿಸುವ ಸಾಧನವಾಗಿಯೂ ಇನ್ನೊಂದರಲ್ಲಿ ತೆಗೆದುಹಾಕುವ ಸಾಧನವಾಗಿಯೂ ವರ್ತಿಸಿತು. ಪರದೆಯಿಂದ ಬರಹಕ್ಕೆ ಮರುಲೇಖನದ ಸ್ವಾತಂತ್ರ್ಯ ದೊರೆಯಿತು. ಒಂದರ ಮೇಲೊಂದು ಚಿಹ್ನೆಯನ್ನಿಡುವ ಸ್ವಾತಂತ್ರ್ಯ ಕಳೆದುಹೋಯಿತು.

ಮರುಲೇಖನದ ಅತಿ ಸರಳ ವಿಧಾನ ಕ್ಯಾರಿಯೇಜ್ ರಿಟರ್ನ್‌ನದು. ಲೈನ್ ಫೀಡ್ ಇಲ್ಲದೆ ಅದನ್ನು ಮಾತ್ರ ಕಳುಹಿಸಿದರೆ ಕರ್ಸರ್ ಅದೇ ಸಾಲಿನ ಆರಂಭಕ್ಕೆ ಬರುತ್ತದೆ. ಮುಂದಿನ ಬರಹ ಹಳೆಯದರ ಮೇಲೆ ಕೂರುತ್ತದೆ. ಕೆಲಸ ಎಷ್ಟು ಪ್ರತಿಶತ ಮುಗಿಯಿತೆಂದು ಒಂದೇ ಸಾಲಿನಲ್ಲಿ ಏರುತ್ತ ಹೋಗುವ ಸಂಖ್ಯೆ ಇಂದಿಗೂ ಈ ರೀತಿಯಲ್ಲಿಯೇ ಮೂಡುತ್ತದೆ. ಆದರೆ ಹೊಸ ಬರಹ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಹಳೆಯದರ ಬಾಲ ಉಳಿಯುತ್ತದೆ. 10ರಿಂದ ಇಳಿಯುವ ಎಣಿಕೆಯಲ್ಲಿ 10ರ ಮೇಲೆ 9 ಬರೆದರೆ ಪರದೆಯ ಮೇಲೆ 90 ಕಾಣುತ್ತದೆ. ಆದುದರಿಂದ ಉಳಿದ ಮನೆಗಳನ್ನು ಖಾಲಿ ಸ್ಥಾನಗಳಿಂದ ತುಂಬಬೇಕು ಅಥವಾ ಸಾಲಿನ ಕೊನೆಯವರೆಗೆ ಅಳಿಸುವ ಆಜ್ಞೆಯನ್ನು ಕೊಡಬೇಕು. ಒಂದೇ ಅಕ್ಷರವನ್ನು ಅಳಿಸುವಾಗಲೂ ವ್ಯವಸ್ಥೆಯು ಬ್ಯಾಕ್‌ಸ್ಪೇಸ್, ಖಾಲಿ ಸ್ಥಾನ, ಮತ್ತೆ ಬ್ಯಾಕ್‌ಸ್ಪೇಸ್ ಎಂಬ ಮೂರು ಸಂಕೇತಗಳನ್ನು ಕಳುಹಿಸುತ್ತದೆ. ಅಂದರೆ ಪರದೆಯ ಮೇಲೆ ಅಳಿಸುವುದೆಂದರೆ ಖಾಲಿಯನ್ನು ಬರೆಯುವುದು.

ಆಜ್ಞೆಗಳ ವೈವಿಧ್ಯ ಮತ್ತು ಶಿಷ್ಟತೆ

ಒಂದು ಸಾಲಿನೊಳಗಿನ ಚಲನೆಗೆ ಹಳೆಯ ಸಂಕೇತಗಳು ಸಾಕಾಗುತ್ತಿದ್ದವು. ಪರದೆಯ ಯಾವುದೇ ಮನೆಗೆ ನೇರವಾಗಿ ಹೋಗಲು ಹೊಸ ಆಜ್ಞೆಗಳು ಬೇಕಾದವು. ಇದಕ್ಕೆ ಎಸ್ಕೇಪ್ ಸಂಕೇತ ದಾರಿಮಾಡಿಕೊಟ್ಟಿತು. ಮುಂದೆ ಬರುವ ಅಕ್ಷರಗಳನ್ನು ಮುದ್ರಿಸಬಾರದು, ಆಜ್ಞೆಯಾಗಿ ಗ್ರಹಿಸಬೇಕು ಎಂಬುದು ಅದರ ಅರ್ಥ. ಆಸ್ಕಿಯ ನಿರ್ಮಾಪಕರಲ್ಲೊಬ್ಬರಾದ ಬಾಬ್ ಬೀಮರ್ ಈ ಕಲ್ಪನೆಯನ್ನು ಮುಂದಿಟ್ಟವರು. ಆದರೆ ಎಸ್ಕೇಪ್‌ನ ಅನಂತರ ಏನು ಬರಬೇಕೆಂಬುದನ್ನು ಪ್ರತಿ ತಯಾರಕರೂ ತಮಗೆ ತೋಚಿದಂತೆ ನಿರ್ಧರಿಸಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ 1975ರ ವಿಟಿ52 ಟರ್ಮಿನಲ್‌ನಲ್ಲಿ ಎಸ್ಕೇಪ್ ಮತ್ತು ‘ವೈ’ ಅಕ್ಷರದ ಅನಂತರ ಸಾಲು, ಕಂಬಸಾಲುಗಳನ್ನು ಕೊಡಬೇಕಿತ್ತು. ಲಿಯರ್ ಸೀಗ್ಲರ್ ಕಂಪನಿಯ 1976ರ ಎಡಿಎಂ-3ಎ ಟರ್ಮಿನಲ್‌ನಲ್ಲಿ ‘ವೈ’ ಬದಲಿಗೆ ಸಮಚಿಹ್ನೆ ಇತ್ತು. ಎರಡರಲ್ಲಿಯೂ ಸ್ಥಾನದ ಸಂಖ್ಯೆಗೆ 32 ಕೂಡಿಸಿ, ದೊರೆತ ಮೊತ್ತಕ್ಕೆ ಆಸ್ಕಿಯಲ್ಲಿ ಸಲ್ಲುವ ಅಕ್ಷರವನ್ನು ಕಳುಹಿಸಲಾಗುತ್ತಿತ್ತು. ಮೊದಲ 32 ಸಂಕೇತಗಳು ನಿಯಂತ್ರಣಕ್ಕೆ ಮೀಸಲಾಗಿದ್ದುದೇ ಇದಕ್ಕೆ ಕಾರಣ.

ಎಡಿಎಂ-3ಎ ಯಂತ್ರದಲ್ಲಿ ಬಾಣಗಳಿಗೆ ಪ್ರತ್ಯೇಕ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣಗಳನ್ನು ಅಚ್ಚಿಸಲಾಗಿತ್ತು. ಕಂಟ್ರೋಲ್ ಕೀಲಿಯೊಡನೆ ಎಚ್ ಒತ್ತಿದರೆ 8ನೆಯ ಸಂಕೇತವಾದ ಬ್ಯಾಕ್‌ಸ್ಪೇಸ್, ಜೆ ಒತ್ತಿದರೆ 10ನೆಯ ಸಂಕೇತವಾದ ಲೈನ್ ಫೀಡ್ ಹೊರಡುತ್ತದೆ. ಎಡಕ್ಕೂ ಕೆಳಕ್ಕೂ ಸರಿಯಲು ಈ ಕೀಲಿಗಳು ಒದಗಿಬಂದುದು ಹೀಗೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಇದೇ ಟರ್ಮಿನಲ್ ಬಳಸಿ ವಿಐ ಎಂಬ ಪಠ್ಯಸಂಪಾದಕ ತಂತ್ರಾಂಶವನ್ನು ರಚಿಸಿದರು. ಆ ನಾಲ್ಕು ಕೀಲಿಗಳು ಅದರ ಉತ್ತರಾಧಿಕಾರಿ ತಂತ್ರಾಂಶಗಳಲ್ಲಿ ಇಂದಿಗೂ ಕರ್ಸರನ್ನು ನಡೆಸುತ್ತಿವೆ. ತಂತಿ ವ್ಯವಸ್ಥೆಗಾಗಿ ಹುಟ್ಟಿದ ಲೈನ್ ಫೀಡ್ ಹೀಗೆ ಸಂಪಾದಕನ ಬೆರಳಿಗೆ ಬಂದು ನಿಂತಿತು.

ಆಜ್ಞೆಗಳ ಭಿನ್ನತೆಯನ್ನು ನಿವಾರಿಸುವ ಪ್ರಯತ್ನ ಎರಡು ದಿಕ್ಕಿನಿಂದ ನಡೆಯಿತು. ಮೊದಲನೆಯದು ಶಿಷ್ಟತೆಯದು. ಐರೋಪ್ಯ ಗಣಕ ತಯಾರಕರ ಸಂಘವು 1976ರಲ್ಲಿ ಇಸಿಎಂಎ-48 ಎಂಬ ಶಿಷ್ಟತೆಯನ್ನು ಪ್ರಕಟಿಸಿತು, ಅಮೆರಿಕದ ಎಕ್ಸ್3.64 ಎಂಬ ಸಮಾನ ಶಿಷ್ಟತೆ 1979ರಲ್ಲಿ ಬಂದಿತು. 1978ರಲ್ಲಿ ಮಾರುಕಟ್ಟೆಗೆ ಬಂದ ವಿಟಿ100 ಈ ಪದ್ಧತಿಯನ್ನು ಅಳವಡಿಸಿಕೊಂಡು ಅದಕ್ಕೆ ಅಪಾರ ಪ್ರಚಾರ ತಂದುಕೊಟ್ಟಿತು. ಎಸ್ಕೇಪ್ ಸಂಕೇತ, ತೆರೆದ ಚೌಕ ಆವರಣ, ಸಾಲಿನ ಸಂಖ್ಯೆ, ಅರ್ಧವಿರಾಮ, ಕಂಬಸಾಲಿನ ಸಂಖ್ಯೆ, ಕೊನೆಗೆ ದೊಡ್ಡ ‘ಎಚ್’ ಎಂಬ ಅನುಕ್ರಮ ಕರ್ಸರನ್ನು ನಿಗದಿತ ಮನೆಗೆ ಒಯ್ಯುತ್ತದೆ. ಕೊನೆಯ ಅಕ್ಷರ ‘ಕೆ’ ಆದರೆ ಸಾಲು, ‘ಜೆ’ ಆದರೆ ಪರದೆ ಅಳಿಯುತ್ತದೆ. ‘ಎಂ’ ಆದರೆ ಅಕ್ಷರದ ಬಣ್ಣವೂ ದಪ್ಪವೂ ಬದಲಾಗುತ್ತವೆ. ಸಂಖ್ಯೆಗಳನ್ನು ಸಾಮಾನ್ಯ ದಶಮಾನ ಅಂಕಿಗಳಲ್ಲಿಯೇ ಬರೆಯುವುದರಿಂದ ಪರದೆಯ ಗಾತ್ರಕ್ಕೆ ಮಿತಿ ಉಳಿಯಲಿಲ್ಲ. 1983ರ ಎಂಎಸ್-ಡಾಸ್‌ನ ಎರಡನೆಯ ಆವೃತ್ತಿಯಲ್ಲಿ ಇದಕ್ಕೊಂದು ಪೂರಕ ತಂತ್ರಾಂಶವಿತ್ತು. ವಿಂಡೋಸ್‌ನ ಆದೇಶ ಪರದೆ ಮಾತ್ರ ದೀರ್ಘಕಾಲ ಇದರಿಂದ ಹೊರಗುಳಿದು, 2016ರ ಹೊತ್ತಿಗೆ ವಿಂಡೋಸ್ 10ರಲ್ಲಿ ಇದನ್ನು ಒಪ್ಪಿಕೊಂಡಿತು.

ಎರಡನೆಯ ಪ್ರಯತ್ನ ಭಿನ್ನತೆಯನ್ನು ಒಪ್ಪಿಕೊಂಡು ಅದಕ್ಕೊಂದು ಕೋಶವನ್ನು ರಚಿಸುವುದು. ಬಿಲ್ ಜಾಯ್ 1978ರಲ್ಲಿ ಸಿದ್ಧಪಡಿಸಿದ ಟರ್ಮ್‌ಕ್ಯಾಪ್, ಒಂದೊಂದು ಟರ್ಮಿನಲ್‌ಗೂ ಯಾವ ಕೆಲಸಕ್ಕೆ ಯಾವ ಆಜ್ಞೆಯೆಂದು ಪಟ್ಟಿಮಾಡಿತು. ಆಜ್ಞೆಯನ್ನು ಪೂರೈಸಲು ಯಂತ್ರಕ್ಕೆ ಎಷ್ಟು ಬಿಡುವು ಬೇಕೆಂಬ ವಿವರವೂ ಅದರಲ್ಲಿತ್ತು. ಟೆಲಿಟೈಪಿನ ಗಾಡಿಗೆ ಕೊಡುತ್ತಿದ್ದ ಬಿಡುವಿನ ಮುಂದುವರಿಕೆಯೇ ಅದು. ಈ ಕೋಶವನ್ನು ಆಧರಿಸಿ 1980ರ ಸುಮಾರಿಗೆ ಬರ್ಕ್‌ಲಿಯಲ್ಲಿಯೇ ಕೆನ್ ಆರ್ನಾಲ್ಡ್ ‘ಕರ್ಸಸ್’ ಎಂಬ ತಂತ್ರಾಂಶ ಸಂಗ್ರಹವನ್ನು ರಚಿಸಿದರು. ಅದರ ಅಗತ್ಯವನ್ನು ಒಂದು ಲೆಕ್ಕದಿಂದ ಅರಿಯಬಹುದು. 24 ಸಾಲು, 80 ಕಂಬಸಾಲುಗಳ ಪರದೆಯಲ್ಲಿ 1,920 ಮನೆಗಳಿವೆ. ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ 30 ಅಕ್ಷರಗಳಂತೆ ಕಳುಹಿಸಿದರೆ ಪರದೆ ತುಂಬಲು 64 ಸೆಕೆಂಡು ಬೇಕು. ಒಂದು ಅಕ್ಷರ ಬದಲಾದಾಗಲೆಲ್ಲ ಇಡೀ ಪರದೆಯನ್ನು ಮತ್ತೆ ಬರೆಯುವುದು ಅಸಾಧ್ಯ. ಕರ್ಸಸ್, ಪರದೆಯ ಮೇಲೆ ಈಗ ಇರುವ ಚಿತ್ರ ಮತ್ತು ಇರಬೇಕಾದ ಚಿತ್ರ ಎರಡನ್ನೂ ಸ್ಮೃತಿಯಲ್ಲಿಟ್ಟುಕೊಂಡು, ಅವುಗಳ ವ್ಯತ್ಯಾಸವನ್ನು ಮಾತ್ರ ಅತಿ ಕಡಿಮೆ ಸಂಕೇತಗಳಲ್ಲಿ ಕಳುಹಿಸಿತು.

ಅಳಿದ ಬರಹದ ದಾಖಲೆ

ಪರದೆಯ ಮೇಲೆ ಅಳಿದದ್ದು ಸಂಕೇತಗಳ ಪ್ರವಾಹದಲ್ಲಿ ಅಳಿದಿರುವುದಿಲ್ಲ. ಟರ್ಮಿನಲ್‌ನಲ್ಲಿ ನಡೆದುದನ್ನೆಲ್ಲ ಕಡತವೊಂದರಲ್ಲಿ ದಾಖಲಿಸುವ ‘ಸ್ಕ್ರಿಪ್ಟ್’ ಎಂಬ ಆದೇಶ ಬರ್ಕ್‌ಲಿ ಯುನಿಕ್ಸ್‌ನ ಮೂರನೆಯ ಆವೃತ್ತಿಯಲ್ಲಿ ಸೇರಿತು. ಅಂತಹ ಕಡತದಲ್ಲಿ ಬರೆದ ತಪ್ಪು, ಹಿಂದೆ ಸರಿದ ಸಂಕೇತ, ಮೇಲೆ ಬರೆದ ತಿದ್ದುಪಡಿ ಇವೆಲ್ಲವೂ ಕ್ರಮವಾಗಿ ಉಳಿದಿರುತ್ತವೆ. ಅದೇ ಕಡತವನ್ನು ಟರ್ಮಿನಲ್‌ನಲ್ಲಿ ಹಾಯಿಸಿದರೆ ಅಂತಿಮ ರೂಪ ಮಾತ್ರ ಕಾಣುತ್ತದೆ. ಇದರ ಮತ್ತೊಂದು ಮುಖವೂ ಇದೆ. ಕಡತದೊಳಗೆ ಕ್ಯಾರಿಯೇಜ್ ರಿಟರ್ನ್ ಅಥವಾ ಅಳಿಸುವ ಆಜ್ಞೆಯನ್ನು ಸೇರಿಸಿ, ಓದುಗನ ಕಣ್ಣಿಗೆ ಒಂದು ಬರಹವನ್ನು ತೋರಿಸಿ ಇನ್ನೊಂದನ್ನು ಮರೆಮಾಡಲು ಸಾಧ್ಯ. ಬರಹವೂ ಆಜ್ಞೆಯೂ ಒಂದೇ ಪ್ರವಾಹದಲ್ಲಿ ಹರಿಯುವ ಕ್ರಮದ ಅನಿವಾರ್ಯ ಫಲವಿದು. ಗಣಕೀಯ ದಾಖಲೆಗಳನ್ನು ಸಂರಕ್ಷಿಸುವ ಗ್ರಂಥಾಲಯಗಳಿಗೆ ಈ ಸಂಗತಿ ಮಹತ್ವದ್ದು. ಪರದೆಯ ಮೇಲೆ ಕಂಡದ್ದನ್ನು ನಕಲುಮಾಡಿದ ಪ್ರತಿ ಮತ್ತು ಮೂಲ ಸಂಕೇತಗಳ ಪ್ರತಿ ಬೇರೆ ಬೇರೆ. ಗ್ರಂಥಸಂಪಾದನಾಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಸ್ವೀಕೃತ ಪಾಠ; ಎರಡನೆಯದು ಲಿಪಿಕಾರನ ಸ್ಖಾಲಿತ್ಯಗಳನ್ನೂ ತಿದ್ದುಪಡಿಗಳನ್ನೂ ಒಳಗೊಂಡ ಹಸ್ತಪ್ರತಿ.

ಕನ್ನಡ ಅಕ್ಷರ ಮತ್ತು ಪರದೆಯ ಮನೆ

ಒಂದು ಮನೆಗೆ ಒಂದು ಸಂಕೇತ ಎಂಬ ಗಾಜಿನ ಪರದೆಯ ನಿಯಮ ರೋಮನ್ ಲಿಪಿಗೆ ತೊಡಕಾಗಲಿಲ್ಲ. ಕನ್ನಡದಲ್ಲಿ ವ್ಯಂಜನ, ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಕೂಡಿ ಒಂದು ಅಕ್ಷರವಾಗುತ್ತದೆ. ಕನ್ನಡ ಬೆರಳಚ್ಚು ಯಂತ್ರವು ಇದನ್ನು ಗಾಡಿ ಮುಂದೆ ಸರಿಯದ ಕೀಲಿಗಳ ಮೂಲಕ, ಒಂದರ ಜಾಗದಲ್ಲಿ ಇನ್ನೊಂದನ್ನು ಮುದ್ರಿಸಿ ಸಾಧಿಸಿತ್ತು. ಕಾಗದದ ಮೇಲೆ ಸಾಧ್ಯವಿದ್ದ ಈ ಕೂಡಿಕೆಯನ್ನೇ ಗಾಜಿನ ಪರದೆ ನಿರಾಕರಿಸಿತ್ತು.

ಭಾರತೀಯ ಲಿಪಿಗಳನ್ನು ಇಂತಹ ಪರದೆಗೆ ತರುವ ಕೆಲಸ 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಗಣಕದೊಳಗೆ ಕೂರಿಸುವ ಜಿಸ್ಟ್ ಕಾರ್ಡು ತಂತ್ರಾಂಶ ಮತ್ತು ಪರದೆಯ ನಡುವೆ ನಿಂತು ಸಂಯುಕ್ತಾಕ್ಷರಗಳನ್ನು ಜೋಡಿಸುತ್ತಿತ್ತು; ಇಂಗ್ಲಿಷಿಗಾಗಿ ರಚಿತವಾದ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳನ್ನು ಬಳಸಲು ಇದರಿಂದ ಅನುಕೂಲವಾಯಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇಸ್ಕಿ ಸಂಕೇತಾವಳಿಯನ್ನು ಅಂಗೀಕರಿಸಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಸಂಗ್ರಹದಲ್ಲಿ ಉಚ್ಚಾರಣೆಯ ಕ್ರಮ, ಪರದೆಯಲ್ಲಿ ಜೋಡಿಸಿದ ರೂಪ ಎಂಬ ತತ್ತ್ವ ಎರಡಕ್ಕೂ ಸಮಾನ.

ಆದರೆ ಟರ್ಮಿನಲ್‌ನ ಮನೆಗಳ ಲೆಕ್ಕ ಬದಲಾಗಲಿಲ್ಲ. ‘ಶಕ್ತಿ’ ಎಂಬ ಪದವನ್ನು ಪರಿಶೀಲಿಸಬಹುದು. ಓದುಗನಿಗೆ ಇದರಲ್ಲಿ ಎರಡು ಅಕ್ಷರಗಳಿವೆ. ಯೂನಿಕೋಡ್‌ನಲ್ಲಿ ಶ, ಕ, ವಿರಾಮಚಿಹ್ನೆ, ತ, ಇಕಾರ ಎಂಬ ಐದು ಸಂಕೇತಗಳಿವೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಇವು 15 ಬೈಟುಗಳಾಗುತ್ತವೆ. ಟರ್ಮಿನಲ್‌ಗಳು ಸಾಮಾನ್ಯವಾಗಿ ಅನುಸರಿಸುವ ಅಗಲದ ಕೋಷ್ಟಕದ ಪ್ರಕಾರ ವಿರಾಮಚಿಹ್ನೆ ಮತ್ತು ಇಕಾರಗಳಿಗೆ ಅಗಲವಿಲ್ಲ. ಆದುದರಿಂದ ಪದಕ್ಕೆ ಮೂರು ಮನೆಗಳು. ಒಂದೇ ಪದಕ್ಕೆ ಎರಡು, ಐದು, ಹದಿನೈದು, ಮೂರು ಎಂಬ ನಾಲ್ಕು ಎಣಿಕೆಗಳು ಏರ್ಪಡುತ್ತವೆ. ಕರ್ಸರ್ ಎಲ್ಲಿದೆ ಎಂಬುದರ ಬಗ್ಗೆ ತಂತ್ರಾಂಶಕ್ಕೂ ಪರದೆಗೂ ಒಮ್ಮತವಿಲ್ಲದಿದ್ದರೆ ಮರುಲೇಖನ ಕೆಡುತ್ತದೆ. ಹೊಸ ಅಕ್ಷರ ತಪ್ಪು ಮನೆಯಲ್ಲಿ ಕೂರುತ್ತದೆ, ಅಳಿಸಿದ ಅಕ್ಷರದ ತುಣುಕು ಉಳಿಯುತ್ತದೆ.

ಬ್ಯಾಕ್‌ಸ್ಪೇಸ್‌ನ ವರ್ತನೆಯಲ್ಲಿ ಈ ತೊಡಕು ಸ್ಪಷ್ಟವಾಗುತ್ತದೆ. ಲಿನಕ್ಸ್ ವ್ಯವಸ್ಥೆಯ ಸಾಲು ನಿರ್ವಹಣೆಯ ಭಾಗ 2004ರವರೆಗೆ ಅಳಿಸುವಾಗ ಒಂದು ಬೈಟನ್ನು ಮಾತ್ರ ತೆಗೆಯುತ್ತಿತ್ತು. ಮೂರು ಬೈಟುಗಳ ಕನ್ನಡ ಸಂಕೇತದಲ್ಲಿ ಒಂದು ಹೋಗಿ, ಅರ್ಥವಿಲ್ಲದ ಎರಡು ಬೈಟುಗಳು ಉಳಿಯುತ್ತಿದ್ದವು. ಆ ವರ್ಷದ 2.6.4 ಆವೃತ್ತಿಯಲ್ಲಿ ಇಡೀ ಸಂಕೇತವನ್ನು ಅಳಿಸುವ ಏರ್ಪಾಡು ಬಂದಿತು. ಆದರೂ ಒಂದು ಸಂಕೇತ ಅಳಿದರೆ ಒಂದು ಮನೆ ಹಿಂದೆ ಎಂಬ ಹಳೆಯ ಲೆಕ್ಕ ಉಳಿದುದರಿಂದ, ಅಗಲವಿಲ್ಲದ ಇಕಾರವನ್ನು ಅಳಿಸಿದಾಗ ಕರ್ಸರ್ ಅದು ಸೇರಿಕೊಂಡಿದ್ದ ವ್ಯಂಜನದ ಮನೆಯನ್ನೂ ಪರದೆಯಿಂದ ಒರೆಸುತ್ತದೆ. ಸ್ಮೃತಿಯಲ್ಲಿ ‘ಶಕ್ತ’ ಎಂದಿದ್ದರೂ ಪರದೆಯಲ್ಲಿ ತಕಾರವಿಲ್ಲ. 1970ರ ದಶಕದ ಯುನಿಕ್ಸ್ ಬಳಕೆದಾರನ ಕಾಗದದ ಮೇಲೆ ಅಳಿದದ್ದು ಉಳಿದಿತ್ತು. ಇಲ್ಲಿ ಉಳಿದದ್ದು ಅಳಿದಿದೆ. ಭಾರತೀಯ ಲಿಪಿಗಳನ್ನು ಜೋಡಿಸಿ ತೋರಿಸುವ ಎಂಎಲ್‌ಟರ್ಮ್‌ನಂತಹ ಟರ್ಮಿನಲ್ ತಂತ್ರಾಂಶಗಳು ಬಂದಿವೆ. ಆದರೆ ಟರ್ಮಿನಲ್ ಮತ್ತು ಅದರೊಳಗೆ ನಡೆಯುವ ತಂತ್ರಾಂಶ ಎರಡೂ ಅಕ್ಷರದ ಅಗಲವನ್ನು ಒಂದೇ ರೀತಿಯಲ್ಲಿ ಎಣಿಸಿದಾಗ ಮಾತ್ರ ಅವುಗಳ ಶ್ರಮ ಸಾರ್ಥಕವಾಗುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಟರ್ಮಿನಲ್‌ನ ಕರ್ಸರ್ ನಿಯಂತ್ರಣದ ಚರಿತ್ರೆಯು ಒಂದು ಯಂತ್ರ ಮರೆಯಾದ ಮೇಲೂ ಅದರ ಕಟ್ಟುಪಾಡುಗಳು ಉಳಿದುಬರುವ ಚರಿತ್ರೆ. ಗಾಡಿ ಇಲ್ಲದಿದ್ದರೂ ಗಾಡಿಯನ್ನು ಮರಳಿಸುವ ಸಂಕೇತವಿದೆ. ರಂಧ್ರಪಟ್ಟಿ ಇಲ್ಲದಿದ್ದರೂ ಏಳು ರಂಧ್ರಗಳ ಡಿಲೀಟ್ ಇದೆ. ಇವು ನಿರುಪದ್ರವಿಯಾದ ಅವಶೇಷಗಳು. ಒಂದು ಮನೆಗೆ ಒಂದು ಸಂಕೇತ ಎಂಬ ನಿಯಮವನ್ನು ಹಾಗೆನ್ನಲಾಗದು. ಅದು ಬರಹದ ಸಹಜ ಗುಣವಲ್ಲ. ಒಂದು ಕಾಲದ ಯಂತ್ರಾಂಶ ಒಂದು ಲಿಪಿಗಾಗಿ ಮಾಡಿಕೊಂಡ ಅನುಕೂಲ. ಕನ್ನಡದ ಸಂಯುಕ್ತಾಕ್ಷರ ಟರ್ಮಿನಲ್‌ನಲ್ಲಿ ಎದುರಿಸುವ ತೊಡಕನ್ನು ಲಿಪಿಯ ಜಟಿಲತೆಗೆ ಆರೋಪಿಸುವುದು ಈ ಕಾರಣದಿಂದ ಸರಿಯಾಗದು. ಬೆರಳಚ್ಚು ಯಂತ್ರದ ಕಾಗದದ ಮೇಲೆ ಅದೇ ಅಕ್ಷರ ತೊಡಕಿಲ್ಲದೆ ಮೂಡಿತ್ತು.